ಒಂದು ಕಿಲೋ ಆರುನೂರು

ತೊಲೆಗೆ ತೂಗಿಬಿಟ್ಟ ತಕ್ಕಡಿಯ ಮುಳ್ಳು
ಒಂದೂವರೆ ದಾಟಿ, ಒಂದೇ ಗೆರೆ ಮುಂದೆ ಹೋಗಿ
ನಿಂತುಬಿಟ್ಟಿತು.
ಬಗ್ಗಿ ನೋಡಿದೆ, ಟಾರ್ಚು ಬಿಟ್ಟು ನೋಡಿದೆ.
ಮುಳ್ಳಿಗೇನು, ಎಷ್ಟು ಸಲ ಕೇಳಿದರೂ ಅಷ್ಟೇ ಹೇಳುತ್ತದೆ.

ರಿಜಿಸ್ಟರಿಗೆ ಬರೆಯುವುದು ತಮಿಳಿನಲ್ಲಿ,
ಉಸಿರು ಎಣಿಸುವುದು ಮಾತ್ರ ಕನ್ನಡದಲ್ಲಿ.
ತಾಳವಾಡಿಯವಳು ನಾನು; ತಪ್ಪಬಾರದ ಹೊತ್ತಿಗೆ
ಅವ್ವ ಕಲಿಸಿದ ಅಂಕಿಗಳೇ ಬಾಯಿಗೆ ಬರುತ್ತವೆ.
ಐವತ್ತೆಂಟು, ಐವತ್ತೊಂಬತ್ತು, ಅರವತ್ತು.
ಪಾದ ಮುಟ್ಟಿದರೆ ತೊರೆಯೊಳಗಿನ ಕಲ್ಲು.

"ಕೆಂಡ ತನ್ನಿ" ಎಂದಳು ಕುಂಬಜ್ಜಿ.
ಮಂಚದಡಿ ಕೆಂಡದ ಮಡಕೆ, ಅದಕ್ಕೂ ಮೊದಲು
ನೆತ್ತಿಗೆ ಎರಡು ಚೆಂಬು ಬಿಸಿನೀರು.
ಹಾಗೇ ಬೆಳೆದವಂತೆ ಅವಳ ಆರೂ ಮಕ್ಕಳು.
ಹೆತ್ತದ್ದೆಷ್ಟು ಅಜ್ಜಿ, ಅಂದೆ.
"ಹತ್ತು" ಅಂದಳು.
ಅಂದು, ಚೆಂಬನ್ನು ತಾನೇ ಕೆಳಗಿಟ್ಟಳು.

ಈರೋಡಿನ ತರಬೇತಿಯಲ್ಲಿ ಕಾಂಗರೂ ಎಂದಿದ್ದರು,
ಗೋಡೆಯ ಮೇಲೆ ಅದರ ದೊಡ್ಡ ಚಿತ್ರ.
ಈ ಪೋಡಿನಲ್ಲಿ ಅದನ್ನು ಯಾರಿಗೆ ಹೇಳಲಿ?
ಮುಸುವ ಅಜ್ಜಿ, ಮುಸುವ, ಅಂದೆ.
ಮರಿಯನ್ನು ಹೊಟ್ಟೆಗವುಚಿ ಕೊಂಬೆ ಹಾರುತ್ತಲ್ಲ, ಹಾಗೆ.
ಅಷ್ಟು ಸಾಕಾಯಿತು.

ಆದರೆ ಸಣ್ಣರಂಗಿಯ ಕೆಳಗೆ ಮಡಿಚಿಟ್ಟ
ಮೂರನೇ ಬಟ್ಟೆಯೂ ಒದ್ದೆ.
ಎದೆ ಬೇಕು, ಯಾರದಾದರೂ.
ಗೋಡೆಗೊರಗಿ ನಿಂತಿದ್ದ ಕೇತ,
ಬೇಸಿಗೆಯಿಡೀ ಕಾಡಿನ ಬೆಂಕಿ ಕಾಯ್ದು
ತೋಳಿನ ರೋಮ ಅಲ್ಲಲ್ಲಿ ಸುಟ್ಟವನು.
ಅಂಗಿ, ಅಂದೆ.
ಅವನು ಜೇಬಿಗೆ ಕೈ ಹಾಕಿ
ಮುದುಡಿದ ಎರಡು ನೋಟು ಮುಂದೆ ಹಿಡಿದ.

ದುಡ್ಡಲ್ಲಪ್ಪ. ಅಂಗಿ ಬಿಚ್ಚು.

ಹೆಂಡತಿಯ ಹಳೇ ಸೀರೆಯಲ್ಲಿ ಅವನಿಗೆ ಮಗು ಕಟ್ಟಿದೆವು.
ಬಾಗಿಲಲ್ಲಿ ಹುಡುಗರು ಕಿಸಕ್ಕನೆ ನಕ್ಕರು.
ಅವನು ನಗಲಿಲ್ಲ, ಅಲ್ಲಾಡಲೂ ಇಲ್ಲ,
ತುಂಬಿದ ಬಿಂದಿಗೆಯ ಹಾಗೆ ಜೀಪು ಹತ್ತಿದ.

ಆಸನೂರಿನ ಕೂಡುರಸ್ತೆ.
ಕೆಳಗೆ ಸತ್ಯಮಂಗಲ, ದಿಂಬದ ಇಪ್ಪತ್ತೇಳು ತಿರುವು.
ಈ ಕಡೆ ಚೆಕ್‌ಪೋಸ್ಟು ದಾಟಿದರೆ ಚಾಮರಾಜನಗರ,
ಸರ್ಕಾರ ಬೇರೆ, ಕಾರ್ಡು ಬೇರೆ.
ಡ್ರೈವರ್ ಪಳನಿಯಪ್ಪ ನನ್ನ ಮುಖ ನೋಡಿದ.
ಹತ್ತಿರದ್ದನ್ನು ಹೇಳಿದೆ. ಕಾಗದದ ಜಗಳ ನಾಳೆಗಿರಲಿ.

ಪುಣಜನೂರಿಗೆ ಮುಂಚೆ ಆನೆ.
ದೀಪ ಆರಿಸಿ, ಇಂಜಿನ್ ನಿಲ್ಲಿಸಿ ಕೂತೆವು.
ನನ್ನ ಅಂಗೈ ರಂಗಿಯ ಹೊಟ್ಟೆ ಉಜ್ಜುತ್ತಲೇ ಇತ್ತು.
ಗಟ್ಟಿಯಾದದ್ದು ಕೈಗೆ ಗೊತ್ತಾಗುತ್ತದೆ;
ಸಡಿಲಾದದ್ದೂ.
ಕತ್ತಲೆಗೆ ನೆನಪು ಜಾಸ್ತಿ.
ಹೋದ ಮಾಗಿಯಲ್ಲಿ ಇದೇ ಪೋಡಿನದು, ಬೇರೆ ಮನೆಯದು,
ಫೋನಿನಲ್ಲಿ "ಚೆನ್ನಾಗಿ ಸುತ್ತಿಡಿ, ನಾಳೆ ಬರ್ತೀನಿ" ಅಂದಿದ್ದೆ.
ನಾಳೆ ಹೋಗಿದ್ದೆ ಕೂಡ.
ರಿಜಿಸ್ಟರಿನಲ್ಲಿ ಆ ಸಾಲಿಗೆ ಹೆಸರಿಲ್ಲ,
ಅಕ್ಷರ ಮಾತ್ರ ನನ್ನದು.

ಹಿಂದಿನಿಂದ ಕೇತನ ದನಿ, ಆನೆಗೂ ಕೇಳಿಸದಷ್ಟು ಸಣ್ಣಗೆ:
"ಸೂಜಿಯವ್ವ, ಒದೀತು."

ಎರಡು ಬಾಟಲಿ ರಕ್ತ, ಒಂದು ಇಡೀ ರಾತ್ರಿ.
ಬೆಳಿಗ್ಗೆ ರಂಗಿ ಹಿಂಡಿದ ಮೊದಲ ಹಾಲು, ಹಳದಿ, ಜಿಗುಟು,
ಚೆಲ್ಲಲು ಹೊರಟ ಅಜ್ಜಿಯ ಕೈ ಹಿಡಿದೆ.
ಹಸು ಕರು ಹಾಕಿದರೆ ಗಿಣ್ಣಿಗೆ ಬೆಲ್ಲ ಬೆರೆಸಿ
ಕೇರಿಗೆಲ್ಲ ಹಂಚುತ್ತೀರಿ. ಇದು ಇವಳ ಗಿಣ್ಣು, ಅಂದೆ.
ಅಜ್ಜಿ ಸೊಂಟದ ಗಂಟಿನಿಂದ ಒಳಲೆ ತೆಗೆದಳು.
ನಾನು ಕುದಿಸಿ ಕೊಟ್ಟೆ.
ಹನಿ ಹನಿ, ಒಳಲೆಯ ಮೂಗಿನಿಂದ, ನುಂಗಿತು.

ಹತ್ತೊಂಬತ್ತನೇ ದಿನ ಪೋಡಿಗೆ ಹೋದೆ.
ತಕ್ಕಡಿ ಅದೇ, ತೊಲೆ ಅದೇ.
ಎರಡು ಕಿಲೋಕ್ಕೆ ಇನ್ನೂ ಐವತ್ತು ಗ್ರಾಂ ಕಮ್ಮಿ.
ಮಗು ರಂಗಿಯ ಸೆರಗಿನೊಳಗೆ ಮೊಲೆಗೆ ಬಾಯಿ ಹಾಕಿತ್ತು.
ಕೇತ ಅಂಗಳದಲ್ಲಿ ಯಾರೊಡನೆಯೋ
ಬೆಂಕಿ ಕಾವಲಿನ ಬಾಕಿ ಕೂಲಿಯ ಮಾತಾಡುತ್ತಿದ್ದ.
ಬಲಗೈ ಆಡಿಸಿ ಆಡಿಸಿ ಮಾತು;
ಎಡಗೈ ಮಾತ್ರ ಖಾಲಿ ಎದೆಯನ್ನು
ಒತ್ತಿ ಹಿಡಿದೇ ಇತ್ತು.