ಗುಂಡಿ

ಮೊದಲು ನನ್ನ ಮೇಜಿನ ಮೇಲೊಂದು ಬಿಸ್ಕತ್ತಿನ ಡಬ್ಬಿ ಇತ್ತು.
ಒಳಬರುವವರು ಅದರಲ್ಲಿ ಫೋನು ಹಾಕಬೇಕು,
ಮಸೀದಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಂತೆ.
ಪಾಠದ ನಡುವೆ ಡಬ್ಬಿ ಗುಂಯ್‌ಗುಡುತ್ತಿತ್ತು,
ಒಳಗೆ ಜೀರುಂಡೆ ಸಾಯುತ್ತಿರುವ ಹಾಗೆ.
ನಾನು ದನಿ ಏರಿಸುತ್ತಿದ್ದೆ.

ಪುಟ ನಲವತ್ತೊಂದು: ಕಡಲ್ಕೊರೆತ.
ಚಿತ್ರದಲ್ಲಿ ಫ್ರಾನ್ಸಿನ ಬಿಳಿ ಬಂಡೆ,
ಕೆಳಗೊಂದು ನಾಯಿ, ಕೊಡೆ ಹಿಡಿದ ಹೆಂಗಸು.
ಹತ್ತೊಂಬತ್ತು ವರ್ಷ ಅದನ್ನೇ ಕಲಿಸಿದೆ
ಸ್ಯಾಂ ಲೂಯಿಯ ಗೆತ್ ನ್ದಾರಿನಲ್ಲಿ,
ಈಚೆಗೆ ಸೆನೆಗಲ್ ನದಿ, ಆಚೆಗೆ ಅಟ್ಲಾಂಟಿಕ್,
ನಡುವೆ ಚಾಪೆಯಗಲ ಮರಳು,
ಅದರ ಮೇಲೆ ನಾವು.

ಅಂಗೈ ಹುಣ್ಣಿಗೆ ಕನ್ನಡಿ ಏಕೆ ಅನ್ನುತ್ತಾರೆ.
ಬೇಕಾಯಿತು ನಮಗೆ,
ಅಂಗೈಯಲ್ಲೇ ಹಿಡಿಯುವ ಕನ್ನಡಿ.

ಡಬ್ಬಿ ಬೋರಲು ಹಾಕಿದೆ.
ಹನ್ನೊಂದು ಫೋನು, ಮೂವತ್ತೆಂಟು ಮಕ್ಕಳು.
ಒಂದು ಗೋಡೆ ಆರಿಸಿ, ಎಂದೆ.
ದಿನಾ ಅದೇ ಜಾಗ, ಅದೇ ಹೊತ್ತು, ಒಂದು ಪಟ.
ತರಗತಿಯ ಪುಟಕ್ಕೆ ಹಾಕಿ.
ಅಡಿಯಲ್ಲಿ ಅಳತೆ ಬರೆಯಿರಿ. ಕವಿತೆ ಬೇಡ.

ಗೋಡೆಯಿಂದ ನೀರಿಗೆ ಇಪ್ಪತ್ತೆರಡು ಹೆಜ್ಜೆ, ಬರೆದಳು ಖಾರ್ದಿಯಾತ.
ನಿನ್ನ ಹೆಜ್ಜೆ ಗಿಡ್ಡ, ಎಂದು ಅದರ ಕೆಳಗೇ ತಗಾದೆ ತೆಗೆದ ಎಲ್ಹಾಜಿ.
ರಾತ್ರಿ ಹನ್ನೊಂದರವರೆಗೂ ಜಗಳ.
ಬೆಳಿಗ್ಗೆ ದೋಣಿಯ ಹಗ್ಗ ತಂದು ಗಂಟು ಹಾಕಿ ಅಳೆದರು.
ಉಬ್ಬರ ಇಳಿತ ಮರೆತಿರಿ, ಎಂದು ನಾನೂ ಬರೆದೆ,
ಹೆಬ್ಬೆರಳಲ್ಲಿ, ತಪ್ಪು ತಪ್ಪಾಗಿ.
ನನ್ನ ಕಾಗುಣಿತ ತಿದ್ದಿದವರು ಆರು ಮಂದಿ.

ಮೀನು ಒಣಗಿಸುವ ಅಜ್ಜಿಯೊಬ್ಬಳು, ಅಕ್ಷರ ಬಾರದವಳು,
ಮೊಮ್ಮಗಳ ಫೋನಿನಿಂದ ದನಿ ಕಳಿಸಿದಳು:
"ಮೇಷ್ಟ್ರೇ, ನಾನು ಮದುವೆಯಾಗಿ ಬಂದಾಗ
ಆ ಗೋಡೆಯ ಮುಂದೆ ಇನ್ನೂ ಎರಡು ಬೀದಿ ಇದ್ದವು.
ಒಂದರಲ್ಲಿ ನಮ್ಮ ಬಾವಿ."
ಆಮೇಲೆ ಬರೀ ಗಾಳಿ, ಒಂದು ಕೆಮ್ಮು.
ತರಗತಿ ಅದನ್ನು ಮೂರು ಸಲ ಕೇಳಿತು.
ನಾನು ಸೀಮೆಸುಣ್ಣ ಕೆಳಗಿಟ್ಟೆ.

ತನಿಖಾಧಿಕಾರಿ ಬಂದವರು, ಈ ಪಾಠ ಮುಗಿಯಿತೇ, ಎಂದರು.
ಇಲ್ಲ, ಗೋಡೆ ಇನ್ನೂ ಇದೆ, ಎಂದೆ.
ಅವರು ಬರೆದುಕೊಂಡರು.

ನೀಲಿ ಗೋಡೆ. ಮೇಲೆ ಯಾರೋ ಬಿಡಿಸಿದ ಹಳದಿ ಮೀನು.
ಮಪಾತೆಯ ಮನೆಯದು.
ಬೆಂಚಿನ ತುದಿಯಲ್ಲಿ ಕೂತು ಬಾಯಿ ಬಿಡದ ಹುಡುಗ,
ಪುಟದಲ್ಲೂ ಅವನದು ಬರೀ ಅಂಕಿ:
ಒಂಬತ್ತು.
ಆರು.
ಮೂರೂವರೆ.
ಒಂದು ಬೆಳಿಗ್ಗೆ ಪಟದ ತುಂಬ ನೀರು.
ಅಂಕಿಯಿಲ್ಲ.

ಸಂಜೆಯೊಳಗೆ ಅದು ಊರು ದಾಟಿತ್ತು, ದೇಶ ದಾಟಿತ್ತು.
ನಾಲ್ಕು ಸಾವಿರದ ಹನ್ನೆರಡು ಕೆಂಪು ಹೃದಯ.
ಆಹಾ ಎಂಥ ಬೆಳಕು, ಎಂದಿದ್ದ ಯಾರೋ ಪುಣ್ಯಾತ್ಮ.

ಮಾರನೆಯ ದಿನ ಮಪಾತೆ ಎದ್ದು ನಿಂತ,
ಕೈಯೆತ್ತದೆ, ಕರೆಯದೆ.
"ಮೇಷ್ಟ್ರೇ, ಇವರಿಗೆ ಏನು ಇಷ್ಟವಾಯಿತು?"

ಒತ್ತಲೊಂದು ಗುಂಡಿ ಕೊಟ್ಟಿದ್ದರು, ಒತ್ತಿದರು.
ಬಿದ್ದದ್ದು ಇನ್ನೊಂದು ಗುಂಡಿಗೆ,
ಅಮ್ಮನ ಒಲೆ ಸಮೇತ.
ಇದನ್ನು ಹೇಗೆ ಹೇಳುವುದು ಹದಿಮೂರು ವರ್ಷದವನಿಗೆ?
ಹೇಳಲಿಲ್ಲ.
ಹಾಗಾದರೆ ಬೇರೆ ಗುಂಡಿ ಬಿಡಿಸಿ, ಎಂದೆ, ಏನೂ ತೋಚದೆ.

ಕರಿಹಲಗೆಯ ಮೇಲೆ ಬಿಡಿಸಿದರು:
ಮುಚ್ಚಿದ ಬಾಯಿ.
ಹಗ್ಗ ಹಿಡಿದ ಕೈ, ಬೆರಳು ಆರಿದ್ದವು.
ಒಂದು ಚಾಪೆ; ನಮ್ಮನೇಲಿ ಬಂದು ಮಲಗು ಅಂತ ಅರ್ಥವಂತೆ.
ಖಾರ್ದಿಯಾತ ಚಿತ್ರ ಬಿಡಿಸಲಿಲ್ಲ.
ಮಾಸ್ಸಾ, ಎಂದು ಬರೆದಳು,
ನೊಂದವರ ಮುಂದೆ ಕೂತು ನಾವು ಹೇಳುವ ಮಾತು.
ಮೂವತ್ತೇಳು ಮಂದಿ ಸಾಲಾಗಿ ಬಂದರು,
ಸುಣ್ಣದ ಬೆರಳು ಅದರ ಮೇಲೊತ್ತಿ ಹೋದರು.
ಅಕ್ಷರವೇ ಅಳಿಸಿಹೋಯಿತು.

ಮಪಾತೆ ಅದರ ಪಟ ತೆಗೆದ.
ಪುಟಕ್ಕೆ ಹಾಕಲಿಲ್ಲ.

ಸಂಜೆ ಆರಕ್ಕೆ ನನ್ನ ಜೇಬು ಗುಂಯ್ ಎಂದಿತು.
ಅವನದೇ. ಹೊಸ ಗೋಡೆ, ಹಳೆ ಬಿಳಿ ಸುಣ್ಣ,
ಮೂಲೆಯಲ್ಲಿ ನನ್ನ ಸೈಕಲ್ಲು.
ಶಾಲೆಯ ಹಿತ್ತಲು: ಎಂಬತ್ತೆರಡು ಗಂಟು.