ಸಣ್ಣ ಕೆ

ಪುಂತಾ ಅರೆನಾಸಿನ ಸಂಜೆ ಶಾಲೆ, ಒಂಬತ್ತು ಜನ.
ಏಡಿ ಕಾರ್ಖಾನೆಯ ಪಾಳಿ ಮುಗಿಸಿ ಬಂದವರ
ಬೆರಳ ಸಂದಿಯಲ್ಲಿನ್ನೂ ಉಪ್ಪುನೀರಿನ ವಾಸನೆ.
ಹೊರಗೆ ಗಾಳಿ ಸೂರಿನ ತಗಡು ಹಿಡಿದು ಅಲುಗಿಸುತ್ತಿತ್ತು
ಬಾಡಿಗೆ ವಸೂಲಿಗೆ ಬಂದವನ ಹಾಗೆ.

ಹಲಗೆಯ ಮೇಲೆ ತ್ರಿಕೋನ ಬರೆದೆ:
ಮೂರು ಇಂಗಾಲ, ಒಂದರ ಕೈ ಒಂದು ಹಿಡಿದು
ಇಕ್ಕಟ್ಟಿನಲ್ಲಿ ಬಾಗಿ ನಿಂತ ಸೈಕ್ಲೋಪ್ರೊಪೇನ್.
ಇದು ತನ್ನಷ್ಟಕ್ಕೇ ಬಿಚ್ಚಿಕೊಳ್ಳುತ್ತದೆ, ಎಂದೆ.
ಜೊತೆಗಾರ ಬೇಕಿಲ್ಲ.

"ಯಾರೂ ಮುಟ್ಟದೆ?" ಎಂದಳು ಓಟಿಲಿಯಾ.

ಮುಟ್ಟಿರುತ್ತದೆ ಯಾವುದೋ, ಆಗೆಂದೋ.
ಆ ಡಿಕ್ಕಿಯ ಕಾವು ಒಳಗೊಳಗೇ ಅಲೆಯುತ್ತದೆ
ಈ ಬಂಧದಿಂದ ಆ ಬಂಧಕ್ಕೆ, ಮರಿಯಿಡಲು ಜಾಗ ಹುಡುಕುವ ಬೆಕ್ಕಿನಂತೆ;
ಡಿಕ್ಕಿ ಹೊಡೆದದ್ದು ಅಷ್ಟರಲ್ಲಿ ಎಲ್ಲೋ ದೂರ.
ಇನ್ನೊಂದು ಬಂದು ತಾಗಿ ಆ ಕಾವು ಕಿತ್ತುಕೊಂಡರೆ
ಇದು ಮತ್ತೆ ಸುಮ್ಮನಾಗುತ್ತದೆ.
ಇಲ್ಲವಾದರೆ, ಒಮ್ಮೆ, ಅಷ್ಟೂ ಒಂದೇ ಮೂಲೆಗೆ ಬಂದು ಕೂಡಿದಾಗ
ಉಂಗುರ ಬಿಡುತ್ತದೆ.

"ಯಾವಾಗ?"

ಒಂದರ ಮಾತು ಹೇಳಲಾರೆ. ಲೆಕ್ಕ ಇರುವುದು ಗುಂಪಿಗೆ.
ಇಷ್ಟು ಹೊತ್ತಿನಲ್ಲಿ ಅರ್ಧ ಹೋಗುತ್ತವೆ,
ಮತ್ತಷ್ಟೇ ಹೊತ್ತಿನಲ್ಲಿ ಉಳಿದುದರ ಅರ್ಧ.
ಉಳಿದವು ದಣಿದಿರುವುದಿಲ್ಲ, ಪಳಗಿರುವುದೂ ಇಲ್ಲ.
ಅಣುವಿಗೆ ಮುಪ್ಪಿಲ್ಲ;
ಪ್ರತಿ ಗಳಿಗೆಯೂ ಅದಕ್ಕೆ ಮೊದಲ ಗಳಿಗೆ.

ಇಲ್ಲಿಗೆ ಸೀಮೆಸುಣ್ಣ ಕೆಳಗಿಡುವವಳಿದ್ದೆ.
ಹಿಂದಿನ ಬೆಂಚಿನ ನೊಲ್ಬೆರ್ತೊ ಮನ್ಸಿಯಾ,
ವರ್ಷವಿಡೀ ಬಾಯಿ ಬಿಡದವನು, ಕೈ ಎತ್ತಿದ:
"ಮೇಡಂ, ಕುಡಿತ ಬಿಟ್ಟು ಹನ್ನೊಂದು ವರ್ಷ.
ಅಂದರೆ ನಾಳೆಯೂ
ಮೊದಲ ದಿನದಷ್ಟೇ ಅಪಾಯವೋ?"

ಎಂಟು ಪೆನ್ನು ನಿಂತವು.
ನೀನು ಅಣುವಲ್ಲ ಕಣಪ್ಪ, ಎನ್ನಬಹುದಿತ್ತು.
ಮಾತು ಗಂಟಲವರೆಗೆ ಬಂತು; ನನಗೇ ಅದರಲ್ಲಿ ನಂಬಿಕೆ ಸಾಲಲಿಲ್ಲ.
ತಿರುಗಿ, ಸಮೀಕರಣದಲ್ಲಿ ಅವಸರದಿಂದ ದಾಟಿದ್ದ
ಆ ಸಣ್ಣ ಕೆ ಅಕ್ಷರಕ್ಕೆ ಸುತ್ತು ಹಾಕಿದೆ.
ಇದನ್ನು ಸ್ಥಿರಾಂಕ ಅನ್ನುತ್ತಾರೆ, ಅರ್ಧ ಸುಳ್ಳು.
ಬಿಸಿಗೆ ಉಬ್ಬುತ್ತದೆ. ತಣ್ಣಗಿಟ್ಟರೆ ಕುಗ್ಗುತ್ತದೆ,
ಎಷ್ಟೆಂದರೆ ಅದೇ ಉಂಗುರ, ಈ ಕೋಣೆಯಲ್ಲಿ,
ನಮ್ಮೆಲ್ಲರ ಆಯಸ್ಸು ದಾಟಿಯೂ ಮುಚ್ಚಿಯೇ ಇದ್ದೀತು.

"ಸೊನ್ನೆ ಆಗುತ್ತದೆಯೇ?"
ಇಲ್ಲ.

ಬರೆದುಕೊಂಡ. ಚಿಪ್ಪು ಒಡೆದು ಒಡೆದು ಉಗುರು ಹೋದ ಹೆಬ್ಬೆರಳಲ್ಲಿ
ಪುಟ ಒತ್ತಿ ಹಿಡಿದು, ನಿಧಾನಕ್ಕೆ.

ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ಉಳಿದವರು
ಕಾಲರ್ ಎತ್ತಿ, ಟೋಪಿ ಕಿವಿಗೆಳೆದು ನಿಂತಾಗ
ಅವನು ಕೋಟಿನ ಗುಂಡಿ ಒಂದೊಂದೇ ಬಿಚ್ಚಿ
ಜಲಸಂಧಿಯ ಗಾಳಿಗೆ ಎದೆ ಕೊಟ್ಟು
ಶರಾಬಿನಂಗಡಿಗಳ ಬೀದಿಯಲ್ಲೇ
ಮನೆ ಕಡೆ ನಡೆದ.