ರೈಟರ್

ಊಟದ ಬೆಲ್ಲು ಮುಗಿದು ಮೊದಲ ಪೀರಿಯಡ್, ಒಂಬತ್ತನೇ ಬಿ.
ಸಾರಿನ ವಾಸನೆ ಇನ್ನೂ ಬೆರಳುಗಳಲ್ಲಿತ್ತು.
‘ಹೂ ಈಸ್ ಎ ರೈಟರ್?’ ಎಂದು ಕೇಳಿದೆ.
ಇಡೀ ತರಗತಿ ಒಂದೇ ಉಸಿರಿಗೆ:
‘ತೋಟದಲ್ಲಿ ಹಾಜರಿ ಬರೆಯೋರು, ಮಿಸ್.’

ನಾನು ರಾಣೆಬೆನ್ನೂರಿನವಳು. ನಕ್ಕುಬಿಟ್ಟೆ.
ತಪ್ಪು ಎಂದೆ. ಕತೆ ಬರೆಯುವವರು ಎಂದೆ.
ಬೋರ್ಡಿನ ಮೇಲೆ ಏಣಿಯ ಹಾಗೆ ಬರೆದುಕೊಟ್ಟೆ
ಪ್ಲಾಟ್, ಸೆಟ್ಟಿಂಗ್, ಕ್ಯಾರೆಕ್ಟರ್, ಕಾನ್‌ಫ್ಲಿಕ್ಟ್,
ಕೆಳಗೆ, ಜಾಗ ಸಾಲದೆ, ಇರುವೆಯಷ್ಟು ಅಕ್ಷರದಲ್ಲಿ
ನರೇಟರ್.

ಈ ಸಲ ಚಾರ್ಟು ಬೇಡ.
ಗೋಣಿಕೊಪ್ಪದ ಅಂಗಡಿಯ ಚಿತ್ರ ಅಂಟಿಸಿ ತಂದರೆ ಸೊನ್ನೆ.
ಒಂದು ಪದ ಆರಿಸಿ, ಮನೆಯಿಂದ ಏನಾದರೂ ತನ್ನಿ.
ಮಾತಾಡಬೇಕಾದ್ದು ವಸ್ತು, ನೀವಲ್ಲ.
ಎಫ್ಎ ಫೋರ್‌ಗೆ ಹದಿನೈದು ಅಂಕ.

ಸೋಮವಾರ ಸಫ್ವಾನ್ ಚಪ್ಪಲಿ ಡಬ್ಬಿ ತಂದ.
ಒಳಗೆ ನೀಲಿ ಪ್ಲಾಸ್ಟಿಕ್ಕಿನ ಹೊಳೆ, ರಟ್ಟಿನ ಮನೆ,
ಗೋಡೆಗೆ ಪೆನ್ನಿನಲ್ಲಿ ವರ್ಷವರ್ಷದ ನೀರಿನ ಗೆರೆ,
ಮೊಣಕಾಲು, ಸೊಂಟ, ಕಿಟಕಿ, ದೇವರ ಹೆಸರಿನ ಫ್ರೇಮು.
‘ಸೆಟ್ಟಿಂಗಾ?’ ‘ಅಲ್ಲ ಮಿಸ್, ರೈಸಿಂಗ್ ಆ್ಯಕ್ಷನ್.’

ಬೆಳ್ಯಪ್ಪ ಪೇಪರಿನಲ್ಲಿ ಸುತ್ತಿ ತಂದದ್ದು
ಒಣಗಿದ ಆನೆ ಲದ್ದಿ.
ಮುರಿದು ತೋರಿಸಿದ, ಒಳಗೆ ಅವರದೇ ತೋಟದ ಕಾಫಿ ಬೀಜ.
ಕಾನ್‌ಫ್ಲಿಕ್ಟ್ ಎಂದು ಚೀಟಿ. ಹಿಂದಿನ ಬೆಂಚು
ಮೂಗು ಮುಚ್ಚಿಕೊಂಡೇ ಚಪ್ಪಾಳೆ ತಟ್ಟಿತು.

ಕೊನೆಗೆ ಪಾರು.
ಹಾಜರಿ ಪುಸ್ತಕದಲ್ಲಿ ಪಣಿಎರವರ ಪಾರು,
ಕರೆದರೆ ಎದ್ದು ನಿಲ್ಲುವಳು, ಉತ್ತರ ಮಾತ್ರ ಕೂತೇ ಇರುತ್ತಿತ್ತು.
ಮೇಜಿನ ಮೇಲೆ ಎರಡು ಇಟ್ಟಳು:
ಅವ್ವನ ಕೊಯ್ಲಿನ ಚೀಟಿಗಳು, ಅನ್ನದಲ್ಲಿ ಅಂಟಿಸಿದ ನೋಟ್‌ಬುಕ್ಕು;
ಸೊಸೈಟಿ ಕೊಟ್ಟ ಕ್ಯಾಲೆಂಡರು, ಬೆನ್ನು ಮೇಲೆ ಮಾಡಿ.
ಬೆನ್ನ ತುಂಬ ಒಲೆಯ ಮಸಿಯ ಗೆರೆಗಳು.
ತಕ್ಕಡಿಯವನು ಕೂಗಿದ ಹತ್ತು ಕಿಲೋಗೆ ಒಂದು.

ಚೀಟಿಯಲ್ಲಿ ಅರವತ್ತೆರಡು.
ಕ್ಯಾಲೆಂಡರಿನಲ್ಲಿ ಏಳು ಗೆರೆ.
ಮರುದಿನ ಐವತ್ತಮೂರು, ಆರು ಗೆರೆ.
ಮೇಲೆ ರಟ್ಟಿನ ತುಂಡಿನಲ್ಲಿ ಇಂಗ್ಲಿಷಿನಲ್ಲಿ,
ಒಂದು ಅಕ್ಷರ ತಲೆಕೆಳಗಾಗಿ:
ಟೂ ನರೇಟರ್ಸ್.

ಯಾರೂ ಅಲ್ಲಾಡಲಿಲ್ಲ.
ಮೂರನೇ ಬೆಂಚಿನಲ್ಲಿ ಯಕ್ಷಿತ್ ಇದ್ದ.
ಅದೇ ತೋಟದ ರೈಟರ ಮಗ, ಕಿವಿ ಕೆಂಪಗೆ.
‘ಚೀಲದ ತೂಕ ಕಳೀಬೇಕಲ್ವಾ, ಮಿಸ್?’ ಎಂದ, ನನಗೆ.
ಪಾರು ಅವನಿಗೇ ಹೇಳಿದಳು, ಮೆಲ್ಲಗೆ,
ನಿಜಕ್ಕೂ ತಿಳಿಯಬೇಕು ಎಂಬ ಹಾಗೆ:
‘ಚೀಲ ಎಂಟು ಕಿಲೋ ಇರ್ತದಾ?’

ನಾನು ಬೋರ್ಡಿಗೆ ತಿರುಗಿದೆ.
ನಂಬಲಾಗದ ನಿರೂಪಕ ಎಂದು ಬರೆಯಬೇಕಿತ್ತು,
ಅದು ಹತ್ತನೇ ತರಗತಿಯ ಪಾಠವೂ ಅಲ್ಲ.
ಸೀಮೆಸುಣ್ಣ ಹಿಡಿದೇ ಇದ್ದೆ, ಬೆಲ್ಲು ಹೊಡೆಯಿತು.
ಹೊರಗೆ ಯಕ್ಷಿತ್ ಒಬ್ಬನೇ ನಲ್ಲಿಯ ಕೆಳಗೆ
ಬಹಳ ಹೊತ್ತು ಕೈ ತೊಳೆದ.
ಹದಿನೈದಕ್ಕೆ ಹದಿನೈದು, ಪಾರುವಿಗೆ.
ಅಷ್ಟು ಸುಲಭದ ಕೆಲಸ ಅದು.

ಸಂಜೆ ಸ್ಟಾಫ್‌ರೂಮಿನಲ್ಲಿ ಅಂಕ ಏರಿಸಲು ಪುಸ್ತಕ ತೆರೆದೆ.
ಜನವರಿ. ಅವಳು ಅವ್ವನ ಜೊತೆ ಕೊಯ್ಲಿಗೆ ಹೋದ ಹನ್ನೊಂದು ದಿನ.
ಸಂಖ್ಯೆ ಇಳಿಯಬಾರದು ಎಂದಿದ್ದರು ಹೆಡ್‌ಮಾಸ್ಟರು.
ಹನ್ನೊಂದೂ ಮನೆಯಲ್ಲಿ ಹಾಜರಿಯ ಗೆರೆ,
ನನ್ನದೇ ಕೈ, ನೀಲಿ ಶಾಯಿ, ಎಷ್ಟು ನೇರ!

ಅಲ್ಲಿ ಇದ್ದಳು, ರೈಟರ ಪುಸ್ತಕದಲ್ಲಿ ಇಲ್ಲ.
ಇಲ್ಲಿ ಇರಲಿಲ್ಲ, ನನ್ನ ಪುಸ್ತಕದಲ್ಲಿ ಇದ್ದಾಳೆ.

ವಿರಾಜಪೇಟೆಯ ಬಸ್ಸು ಹಾರ್ನು ಹೊಡೆಯುತ್ತಿದೆ.
ಕ್ಯಾಲೆಂಡರು ಮೇಜಿನ ಮೇಲೆಯೇ ಉಳಿದಿದೆ,
ಮುಟ್ಟಿದ ಬೆರಳಿಗೆ ಮಸಿ.
ತೋಟದಲ್ಲಿ ಹಾಜರಿ ಬರೆಯೋರು, ಮಿಸ್.
ಗುರುವಾರ ಅದಕ್ಕೆ ತಪ್ಪು ಹಾಕಿದ್ದೆ.